ನೂರರಿಂದ ಕಳೆದು

ಗೂಡ್ಸ್ ಶೆಡ್ಡಿನಿಂದ ಬಂದ ಲಾರಿ ಹತ್ತಿ
ಮೂಲೆಗೊಂದು, ನಡುವಿಗೊಂದು, ತಳಕ್ಕೊಂದು
ಸಲಿಕೆ ತೆಗೆಸಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ,
ಎದುರುಬದುರಿನ ಎರಡನ್ನು ಎಸೆದು,
ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು.
ಹತ್ತು ಟನ್ನು ಹೀಗೆ ಕರಗುತ್ತ ಕರಗುತ್ತ
ನನ್ನ ಮೇಜಿಗೆ ಬರುವಾಗ ಒಂದು ಗ್ರಾಂ.

ಬಾಯ್ಲರ್ ಮನೆಯ ಗೋಡೆಗೆ ಆತುಕೊಂಡ ಕೋಣೆ,
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ.
ದಾವಣಗೆರೆಯ ಆ ಮಿಲ್ಲಿನಲ್ಲಿ ಮೂರು ಸಾವಿರ ಜನ
ಹತ್ತಿಯ ಧೂಳಿಗೆ ಕೆಮ್ಮುತ್ತಿದ್ದಾಗ
ಉಸಿರು ಬಿಗಿಹಿಡಿಯಲು ಸಂಬಳ ಇದ್ದದ್ದು
ನನಗೊಬ್ಬಳಿಗೇ.

ಮೊದಲು ನೂರೆಂಟು ಡಿಗ್ರಿ, ಒಂದು ತಾಸು.
ಬೆಂಕಿ ಹಾಕುವ ಗೌಸ್‌ಪೀರ್ ಬಾಗಿಲಲ್ಲಿ ನಿಂತು ನಗುತ್ತಿದ್ದ:
"ನಿಮ್ಮ ಜಪಕ್ಕೆ ನೂರೆಂಟು, ನಮ್ಮ ತಸ್ಬೀಗೆ ತೊಂಬತ್ತೊಂಬತ್ತು,
ನೀರು ಕುದಿಯೋದು ಎರಡರ ನಡುವೆ, ನೋಡಕ್ಕ."
ಹೋದದ್ದು ತೇವ. ನೂರಕ್ಕೆ ಆರು.
ಸಿಂಗರೇಣಿಯ ನೆಲದಡಿಯ ನೀರೋ,
ದಾರಿಯಲ್ಲಿ ಕಂಟ್ರಾಕ್ಟರು ಹೊಡೆಸಿದ ಪೈಪಿನದೋ,
ತಕ್ಕಡಿ ಕೇಳುವುದಿಲ್ಲ.

ಆಮೇಲೆ ಮುಚ್ಚಳ ಹಾಕಿದ ಮೂಸೆ, ಒಂಬೈನೂರು ಡಿಗ್ರಿ, ಏಳು ನಿಮಿಷ.
ಮುಚ್ಚಳದ ಅಂಚಿಗೆ ಹಳದಿ ನಾಲಿಗೆ:
ಜಲಜನಕ, ಡಾಂಬರಿನ ಹೊಗೆ, ಚೂರು ಸಾರಜನಕ,
ದೀಪಾವಳಿ ಮರುದಿನದ ಬೀದಿಯಂಥ ಗಂಧಕ.
ಹಕ್ಕಿ ಇನ್ನೂ ಹುಟ್ಟದ ಕಾಲದ ಕಾಡು,
ಹೂವೆಂದರೆ ಏನೆಂದು ಗೊತ್ತಿಲ್ಲದ ಗಿಡಗಳು,
ಸೆರಗಿಗೆ ಅಂಟಿ ನನ್ನ ಜೊತೆ ಮನೆಗೆ ಬರುತ್ತಿದ್ದವು.
ಅದು ಇಪ್ಪತ್ತನಾಲ್ಕು.

ಇದ್ದಿಲು ತೊಳೆದರೆ ಬೆಳ್ಳಗಾದೀತೆ ಎನ್ನುತ್ತಾರೆ.
ತೊಳೆದರೆ ಇಲ್ಲ. ಸುಟ್ಟರೆ ಆಗುತ್ತದೆ.
ಮುಚ್ಚಳ ತೆಗೆದು ಸುಟ್ಟರೆ ಕೊನೆಗೆ ಉಳಿಯುವುದು
ವಿಭೂತಿಗಿಂತ ಒಂದಿಷ್ಟು ಕೆಂಪಗೆ,
ಮರಳು, ಜೇಡಿ, ಕಬ್ಬಿಣದ ತುಕ್ಕು.
ಬಹಳಷ್ಟು ಕಾಡಿನದಲ್ಲ,
ಕಾಡು ಮುಳುಗಿದ ಕೆಸರಿನದು.

ಇನ್ನು ಸ್ಥಿರ ಇಂಗಾಲ.
ಬಾಯ್ಲರು ಕೇಳುವುದು ಅದನ್ನೇ, ಮಿಲ್ಲು ದುಡ್ಡು ಕೊಡುವುದು ಅದಕ್ಕೇ,
ಆದರೆ ಅದನ್ನು ಯಾರೂ ತೂಗುವುದಿಲ್ಲ.
ತೇವ, ಆವಿ, ಬೂದಿ ಕೂಡಿಸಿ
ನೂರರಿಂದ ಕಳೆದರೆ ಬರುವ ಅಂಕಿಯೇ ಅದು.
ಮೊದಲ ದಿನವೇ ನನಗಿದು ಅರ್ಥವಾಯಿತು:
ನನಗಿಂತ ಮುಂಚೆ ನಾಲ್ಕು ಕೂಸು ಹೋದ ಮೇಲೆ
ಅವ್ವ ನನ್ನನ್ನು ತಿಪ್ಪೆಯಲ್ಲಿ ಉರುಳಿಸಿ ಎತ್ತಿಕೊಂಡು
ತಿಪ್ಪಮ್ಮ ಅಂದಿದ್ದಳು.

ಎಂಬತ್ನಾಲ್ಕರ ಆಷಾಢ. ಬೂದಿ ನಲವತ್ತೊಂದು ಬಂತು.
ಸ್ಟೋರ್ಸಿನ ವಾಮದೇವಪ್ಪ ಕುರ್ಚಿ ಎಳೆದು ಕೂತರು.
"ಇಪ್ಪತ್ತೊಂಬತ್ತು ಅಂತ ಬರೀರಿ ತಿಪ್ಪಮ್ಮಾರೆ.
ಕಲ್ಲಿದ್ದಲು ಅಂದ್ಮೇಲೆ ಕಲ್ಲು ಇರಲ್ವಾ?"
ನನಗೆ ಆಗ ಕೆಲಸ ಕಾಯಂ ಆಗಿರಲಿಲ್ಲ.
ಬರೆದೆ. ಕಳೆದೆ.
ಇಂಗಾಲ ನಲವತ್ತೊಂದಾಯಿತು.
ಎರಡು ಅಂಕಿ ಜಾಗ ಬದಲಿಸಿದವು, ಅಷ್ಟೇ.
ಕಾಡಿಲ್ಲದೆ, ಕೆಸರಿಲ್ಲದೆ, ಮಣ್ಣಿನ ಭಾರವಿಲ್ಲದೆ
ನೂರಕ್ಕೆ ಹನ್ನೆರಡು ಪಾಲು ಇಂಗಾಲ
ನನ್ನ ಪೆನ್ನಿನ ತುದಿಯಲ್ಲಿ ಹುಟ್ಟಿತು.
ಅದರ ಪರಮಾಣುವಿನ ತೂಕವೂ ಹನ್ನೆರಡೇ.

ಮೂರನೆಯ ರಾತ್ರಿ ಬೂದಿ ಒಲೆಯೊಳಗೆ ಕರಗಿ
ಜಾಲರಿಗೆ ಕಚ್ಚಿ ಬಂಡೆಯಾಯಿತು.
ಸಲಾಕೆ ಹಾಕಿ ಮೀಟಿದವನು ಗೌಸ್‌ಪೀರ್.
ಉರಿ ಹಿಂದಕ್ಕೆ ಹೊಡೆಯಿತು,
ಮೊಣಕೈಯಿಂದ ಕಿವಿಯವರೆಗೆ.

ಆಸ್ಪತ್ರೆಯಲ್ಲಿ ಕೇಳಿದ:
"ಆ ಲೋಡು ಸರಿ ಇರ್ಲಿಲ್ಲ ಅನ್ಸುತ್ತಕ್ಕ. ಬೂದಿ ಎಷ್ಟು ಬಂದಿತ್ತು?"
"ಇಪ್ಪತ್ತೊಂಬತ್ತು."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹಂಗಾದ್ರೆ ನನ್ ಕೈದೇ ತಪ್ಪು" ಅಂದ.

ಮಿಲ್ಲು ಮುಚ್ಚಿತು. ತಕ್ಕಡಿ ಗುಜರಿಗೆ ಹೋಯಿತು.
ನನ್ನ ರಿಜಿಸ್ಟರುಗಳ ಹಾಳೆ
ಯಾವ ಅಂಗಡಿಯಲ್ಲಿ ಪೊಟ್ಟಣವಾದವೋ.
ಗೌಸ್‌ಪೀರ್ ಈಗ ಮಂಡಕ್ಕಿ ಭಟ್ಟಿಯಲ್ಲಿ ಅಳೆದು ಕೊಡುತ್ತಾನೆ,
ಆ ಕೈ ಇನ್ನೂ ಬೂದಿ ಬಣ್ಣ.
ಮೊನ್ನೆ ಸೇರು ತುಂಬಿಸಿ
ಮೇಲೆ ಎರಡು ಹಿಡಿ ಹೆಚ್ಚಿಗೆ ಸುರಿದ.

"ನಲವತ್ತೊಂದು" ಅಂದೆ.

ಭಟ್ಟಿಯ ಸದ್ದಿಗೆ ಕೇಳಿಸಲಿಲ್ಲವೋ ಏನೋ,
"ಏನಕ್ಕ, ಚಿಲ್ಲರೆನಾ?" ಅಂದ.